ಕಿವಿಯ ಮೇಲಿನದು, ಕಿವಿಯ ಒಳಗಿನದು

ಕಳೆದ ವರ್ಷ ದೀಪಾವಳಿಯ ಬೋನಸ್ಸು ಕೈಗೆ ಬಂದ ವಾರ ನಮ್ಮ ಮನೆಯಲ್ಲೊಂದು ವಿವಾದ ಹುಟ್ಟಿತು. ಇಬ್ಬರ ಹಳೆಯ ಇಯರ್‌ಫೋನುಗಳೂ ಒಂದೇ ತಿಂಗಳಲ್ಲಿ ಕೈಕೊಟ್ಟಿದ್ದವು. ಕಿವಿಯನ್ನು ಹೊರಗಿನಿಂದ ಪೂರ್ತಿಯಾಗಿ ಮುಚ್ಚುವ ದೊಡ್ಡ ಹೆಡ್‌ಫೋನೇ ಶ್ರೇಷ್ಠವೆಂಬುದು ಮನೆಯವರ ಪಕ್ಷ. ಕಿವಿಯ ನಾಳದೊಳಗೆ ಬಿರಡೆಯಂತೆ ಕೂರುವ ಪುಟ್ಟ ಸಾಧನ, ಈಗ ಇನ್-ಇಯರ್ ಮಾನಿಟರು ಎಂದು ಕರೆಯುತ್ತಾರಲ್ಲ ಅದು, ನಿತ್ಯದ ಬಳಕೆಗೆ ಸಾಕೆಂಬುದು ನಮ್ಮ ಪಕ್ಷ. ಡೊಂಬಿವಲಿಯಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ನಿಧಾನದ ಲೋಕಲ್ಲಿನಲ್ಲಿ ಒಂದೂಕಾಲು ಗಂಟೆ, ಮರಳಲು ಮತ್ತೊಂದೂಕಾಲು ಗಂಟೆ. ವಾರಕ್ಕೆ ಐದು ದಿನ ಹೀಗೆ ಇಪ್ಪತ್ತು ವರ್ಷ ಪ್ರಯಾಣ ಮಾಡಿದವರಿಗೆ ಈ ವಿವಾದ ಚಿಲ್ಲರೆಯದಲ್ಲ. ನಮ್ಮ ಪಾಲಿನ ಕನ್ನಡವೆಲ್ಲ, ಭಾವಗೀತೆ, ವಚನ, ನಾಟಕದ ಧ್ವನಿಮುದ್ರಿಕೆ, ಹಳೆಯ ಸಿನಿಮಾ ಹಾಡು, ಈ ಎರಡೂವರೆ ಗಂಟೆಗಳಲ್ಲಿ ಈ ತಂತಿಯ ಮೂಲಕವೇ ನಮ್ಮೊಳಗೆ ಇಳಿಯುತ್ತ ಬಂದಿದೆ.

ದೊಡ್ಡದು ಹಳೆಯ ಕಾಲದ್ದು, ಚಿಕ್ಕದು ಹೊಸ ಕಾಲದ್ದು ಎಂದು ಅಂಗಡಿಯ ಹುಡುಗ ತೀರ್ಪು ಕೊಟ್ಟ. ನಾವೂ ಹಾಗೆಂದೇ ನಂಬಿದ್ದೆವು. ಆದರೆ ಕಡತದ ಹಿಂದಿನ ಪುಟಗಳನ್ನು ತಿರುವದೆ ಟಿಪ್ಪಣಿ ಬರೆಯಬಾರದೆಂಬುದು ನೌಕರಿ ಕಲಿಸಿದ ಪಾಠ. ತಿರುವಿ ನೋಡಿದಾಗ ಅಂಗಡಿಯ ಹುಡುಗನ ತೀರ್ಪು ತಲೆಕೆಳಗಾಯಿತು.

1891ರಲ್ಲಿ ಅರ್ನೆಸ್ಟ್ ಮರ್ಕಾದಿಯೆ ಎಂಬ ಫ್ರೆಂಚ್ ಎಂಜಿನಿಯರನು ಅಮೆರಿಕೆಯಲ್ಲಿ ಒಂದು ಪೇಟೆಂಟ್ ಪಡೆದನು. ಟೆಲಿಫೋನಿನ ಎರಡು ಶ್ರವಣಿಗಳನ್ನು ಕುಗ್ಗಿಸಿ, ಒಂದು ಉಕ್ಕಿನ ತಂತಿಯಿಂದ ಜೋಡಿಸಿ, ಎರಡೂ ಕಿವಿಗಳ ದ್ವಾರದೊಳಗೆ ಕೂರುವಂತೆ ಮಾಡಿದ ಸಾಧನವದು. ‘ದ್ವಿ-ಟೆಲಿಫೋನು’ ಎಂದು ಅದರ ಹೆಸರು. ತೂಕ ಒಂದೂಮುಕ್ಕಾಲು ಔನ್ಸಿಗಿಂತ ಕಡಿಮೆ, ಅಂದರೆ ನಮ್ಮ ಲೆಕ್ಕದಲ್ಲಿ ಐವತ್ತು ಗ್ರಾಮಿನೊಳಗೆ. ಕಿವಿಗೆ ಉಜ್ಜದಿರಲೆಂದೂ ಹೊರಗಿನ ಸದ್ದು ಒಳನುಗ್ಗದಿರಲೆಂದೂ ತುದಿಗೆ ರಬ್ಬರಿನ ಹೊದಿಕೆ. ಇಂದು ನಮ್ಮ ಜೇಬಿನಲ್ಲಿರುವ ಸಾಧನದ ವರ್ಣನೆಯನ್ನು ಇದಕ್ಕಿಂತ ಬೇರೆಯಾಗಿ ಬರೆಯಲಾಗದು. ತಲೆಗೆ ಪಟ್ಟಿ ಕಟ್ಟಿ ಕಿವಿಯ ಮೇಲೆ ಕೂರಿಸುವ ಹೆಡ್‌ಫೋನಿನ ಪ್ರಸಿದ್ಧ ರೂಪ ಬರಲು ಇನ್ನೂ ಹತ್ತೊಂಬತ್ತು ವರ್ಷ ಕಳೆಯಬೇಕಿತ್ತು.

ಮರ್ಕಾದಿಯೆಯ ಗಿರಾಕಿಗಳು ಸಂಗೀತಪ್ರೇಮಿಗಳಲ್ಲ, ಟೆಲಿಫೋನ್ ವಿನಿಮಯ ಕೇಂದ್ರಗಳ ನೌಕರರು. ಅದಕ್ಕೂ ಹತ್ತು ವರ್ಷ ಮೊದಲು ಅವರ ಪಾಡು ದಯನೀಯವಾಗಿತ್ತು. ಅಮೆರಿಕೆಯ ಎಜ್ರಾ ಗಿಲ್ಲಿಲ್ಯಾಂಡನು ರೂಪಿಸಿದ ಸಾಧನವನ್ನು ಹೆಗಲ ಮೇಲೆ ನೊಗದಂತೆ ಹೊರಬೇಕಿತ್ತು, ಅದರ ತೂಕ ಹಲವು ಪೌಂಡುಗಳು. ಕೈಗಳೆರಡೂ ಕೆಲಸಕ್ಕೆ ಬಿಡುವಾಗಿರಲಿ, ಕಿವಿ ಮಾತ್ರ ಕಟ್ಟಿಹಾಕಿರಲಿ ಎಂಬುದು ಆ ಕಾಲದ ಅಗತ್ಯ. ದುಡಿಮೆಯ ಸಾಧನವಾಗಿ ಹುಟ್ಟಿದ್ದು ಮುಂದೆ ವಿರಾಮದ ಸಾಧನವಾಯಿತು.

ವಿರಾಮದ ಕಥೆಯೂ ಅದೇ ಪ್ಯಾರಿಸ್ಸಿನಲ್ಲಿ ಮೊದಲಾಗಿತ್ತು. 1881ರ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅದೇರ್ ಎಂಬವನು ಅಪೆರಾ ರಂಗದ ಮುಂಭಾಗದುದ್ದಕ್ಕೂ ಧ್ವನಿಗ್ರಾಹಕಗಳನ್ನಿಟ್ಟು, ತಂತಿಯೆಳೆದು, ದೂರದ ಪ್ರದರ್ಶನ ಭವನದಲ್ಲಿ ಜನ ಎರಡೂ ಕಿವಿಗಳಿಗೆ ಶ್ರವಣಿಗಳನ್ನು ಹಿಡಿದು ಕೇಳುವಂತೆ ಮಾಡಿದ. ಎಡದ ಧ್ವನಿ ಎಡಗಿವಿಗೆ, ಬಲದ್ದು ಬಲಗಿವಿಗೆ ಬಂದಾಗ ಗಾಯಕರು ರಂಗದ ಮೇಲೆ ಎಲ್ಲಿ ನಿಂತಿದ್ದಾರೆಂದು ಕಣ್ಣಿಲ್ಲದೆಯೂ ತಿಳಿಯುತ್ತಿತ್ತು. ವಿಕ್ಟರ್ ಹ್ಯೂಗೊ ಕೇಳಿ ಬೆರಗಾಗಿ ದಿನಚರಿಯಲ್ಲಿ ಬರೆದುಕೊಂಡ. ಮುಂದೆ ಇದು ‘ಥಿಯೇಟ್ರೊಫೋನು’ ಎಂಬ ಚಂದಾ ವ್ಯವಸ್ಥೆಯಾಯಿತು. ಹೋಟೆಲುಗಳಲ್ಲಿ 50 ಸೆಂಟೀಮು ಹಾಕಿದರೆ ಐದು ನಿಮಿಷ ಸಂಗೀತ. ಇಂಗ್ಲಿಷ್ ಎಂ.ಎ. ಓದುವಾಗ ಪ್ರೂಸ್ತನ ಹೆಸರನ್ನು ನಮ್ಮ ಅಧ್ಯಾಪಕರು ಎಷ್ಟು ಭಕ್ತಿಯಿಂದ ಉಚ್ಚರಿಸುತ್ತಿದ್ದರೆಂದರೆ, ಆ ಮಹಾಶಯನು 1911ರಲ್ಲಿ ಇದೇ ಸೇವೆಗೆ ಚಂದಾದಾರನಾಗಿ, ಹಾಸಿಗೆಯಲ್ಲಿ ಮಲಗಿಯೇ ಅಪೆರಾ ಕೇಳುತ್ತಿದ್ದನೆಂದು ನಾವು ಊಹಿಸುವುದೂ ಸಾಧ್ಯವಿರಲಿಲ್ಲ. ಹಾಸಿಗೆಯಲ್ಲಿ ಮೊಬೈಲು ಹಿಡಿದು ಮಲಗುವ ಮಗಳನ್ನು ಗದರುವಾಗ ಈಚೆಗೆ ಪ್ರೂಸ್ತ್ ಅಡ್ಡ ಬರುತ್ತಾನೆ.

ಈಗ ದೊಡ್ಡ ಹೆಡ್‌ಫೋನಿನ ಜನ್ಮವೃತ್ತಾಂತ. ಅಮೆರಿಕೆಯ ಯೂಟಾ ಪ್ರಾಂತದಲ್ಲಿ ನಥಾನಿಯಲ್ ಬಾಲ್ಡ್‌ವಿನ್ ಎಂಬೊಬ್ಬ ಮಾರ್ಮನ್ ಪಂಥದ ವ್ಯಕ್ತಿ. ಸಾಲ್ಟ್ ಲೇಕ್ ನಗರದ ವಿಶಾಲವಾದ ಪ್ರಾರ್ಥನಾಮಂದಿರದಲ್ಲಿ ಪ್ರವಚನ ಸರಿಯಾಗಿ ಕೇಳಿಸದೆ, ಧ್ವನಿಯನ್ನು ಹಿಗ್ಗಿಸುವ ಉಪಾಯಗಳಲ್ಲಿ ತೊಡಗಿದ. 1910ರಲ್ಲಿ ಅವನು ತನ್ನ ಶ್ರವಣಿಯ ಮಾದರಿಯನ್ನು ಅಮೆರಿಕದ ನೌಕಾಪಡೆಗೆ ಕಳಿಸಿದ. ಹೆಸರಿಲ್ಲದ ಊರಿನಿಂದ, ಬಣ್ಣದ ಕಾಗದದಲ್ಲಿ ನೇರಿಳೆ ಶಾಯಿಯಿಂದ ಬರೆದ ಪತ್ರ. ಯಾವ ಸರಕಾರಿ ಕಚೇರಿಯಲ್ಲಾದರೂ ಅಂಥ ಪತ್ರದ ಗತಿಯೇನೆಂದು ನಾವು ಬಲ್ಲೆವು. ಅಲ್ಲಿನ ಅಧಿಕಾರಿಯೊಬ್ಬ ಅದನ್ನು ಬದಿಗಿಡದೆ ತಾನೇ ತಲೆಗೆ ಹಾಕಿಕೊಂಡು ಪರೀಕ್ಷಿಸಿದ. ತಮ್ಮಲ್ಲಿದ್ದ ಎಲ್ಲ ಸಾಧನಗಳಿಗಿಂತ ಇದು ಎಷ್ಟೋ ಪಾಲು ಸೂಕ್ಷ್ಮವೆಂದು ಕಂಡಿತು. ಹೆಚ್ಚು ಬೇಕೆಂದು ಕೇಳಿದರೆ, ಒಮ್ಮೆಗೆ ಹತ್ತಕ್ಕಿಂತ ಹೆಚ್ಚು ಕೊಡಲಾರೆ ಎಂದು ಉತ್ತರ ಬಂತು, ಏಕೆಂದರೆ ಅವನು ಅವುಗಳನ್ನು ತನ್ನ ಅಡುಗೆಮನೆಯಲ್ಲಿ ತಯಾರಿಸುತ್ತಿದ್ದ. ತಲೆಯ ಪಟ್ಟಿ ಬಿಗಿಯಾಗಿ ನೋಯಿಸುತ್ತದೆಂದು ನೌಕಾಪಡೆ ದೂರಿದಾಗ, ಚರ್ಮ ಸುತ್ತಿದ ಎರಡು ತಂತಿಗಳ, ಹಿಗ್ಗಿಸಿ ಕುಗ್ಗಿಸಬಲ್ಲ ಪಟ್ಟಿಯನ್ನು ರೂಪಿಸಿಕೊಟ್ಟ. ಇದಕ್ಕೆ ಪೇಟೆಂಟ್ ತೆಗೆದುಕೋ ಎಂದರೆ, ಅಷ್ಟು ಕ್ಷುಲ್ಲಕ ವಸ್ತುವಿಗೇಕೆ ಎಂದನಂತೆ. ಮೊದಲ ಮಹಾಯುದ್ಧದಲ್ಲಿ ಅವನ ಕಾರ್ಖಾನೆ ಬೆಳೆಯಿತು, 1924ರಲ್ಲಿ ದಿವಾಳಿಯೂ ಆಯಿತು.

ಬಾಲ್ಡ್‌ವಿನ್ನನ ಸಾಧನದ ಒಳಗೆ ಏನಿತ್ತೆಂಬುದು ಮುಖ್ಯ. ಆಯಸ್ಕಾಂತದ ಧ್ರುವಗಳ ನಡುವೆ ತಕ್ಕಡಿಯ ದಂಡಿಯಂತೆ ಸಮತೋಲದಲ್ಲಿ ನಿಂತ ಒಂದು ಕಬ್ಬಿಣದ ಪಟ್ಟಿ, ಅದನ್ನು ಸುತ್ತಿದ ತಾಮ್ರದ ತಂತಿಯ ಸುರುಳಿ, ಪಟ್ಟಿಯ ತುದಿಯಿಂದ ಒಂದು ಸಣ್ಣ ಕೊಂಡಿ, ಕೊಂಡಿಯ ಇನ್ನೊಂದು ತುದಿಗೆ ಕಾಗೆಬಂಗಾರದ ತೆಳುಹಾಳೆ. ವಿದ್ಯುತ್ತು ಅತಿ ಸೂಕ್ಷ್ಮವಾಗಿ ಹರಿದರೂ ದಂಡಿ ತೂಗುತ್ತದೆ, ಹಾಳೆ ನಡುಗುತ್ತದೆ, ಸದ್ದಾಗುತ್ತದೆ. ಸಮತೋಲಿತ ಆರ್ಮೇಚರು ಎಂದು ಇದರ ಶಾಸ್ತ್ರೀಯ ಹೆಸರು. ಈ ತಕ್ಕಡಿಯನ್ನು ಓದುಗರು ನೆನಪಿನಲ್ಲಿಟ್ಟಿರಬೇಕು; ಮುಂದೆ ಅದು ಅನಿರೀಕ್ಷಿತವಾದ ಜಾಗದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

1920ರ ದಶಕದಲ್ಲಿ ರೇಡಿಯೋ ಮನೆಮನೆಗೆ ಬಂದಾಗ ಹೆಡ್‌ಫೋನೂ ಜೊತೆಗೆ ಬಂತು. ಸ್ಫಟಿಕದ ರೇಡಿಯೋಗಳಿಗೆ ಸದ್ದನ್ನು ಹಿಗ್ಗಿಸುವ ಶಕ್ತಿಯಿರಲಿಲ್ಲವಾದ್ದರಿಂದ ಕಿವಿಗೆ ಹಚ್ಚಿಯೇ ಕೇಳಬೇಕು. ಒಬ್ಬರು ಕೇಳುವಾಗ ಮನೆಯ ಉಳಿದವರು ಅವರ ಮುಖ ನೋಡುತ್ತ ಕೂರಬೇಕು. ಇದಕ್ಕೆ ಜನ ಕಂಡುಕೊಂಡ ಪರಿಹಾರ ಸರಳ: ಹೆಡ್‌ಫೋನನ್ನು ಒಂದು ಬೋಗುಣಿಯೊಳಗೆ ಇಟ್ಟು ಎಲ್ಲರೂ ಸುತ್ತ ಬಗ್ಗಿ ಕೂರುವುದು. ಬೋಗುಣಿ ಸದ್ದನ್ನು ಒಟ್ಟುಗೂಡಿಸಿ ತುಸು ದೊಡ್ಡದು ಮಾಡುತ್ತಿತ್ತು. ಒಂಟಿಯಾಗಿ ಕೇಳುವ ಯಂತ್ರ ಬಂದ ಕೂಡಲೇ ಅದನ್ನು ಒಟ್ಟಾಗಿ ಕೇಳುವ ಹಟವೂ ಹುಟ್ಟಿತೆಂಬುದು ಇದರಿಂದ ತಿಳಿಯುತ್ತದೆ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿ ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಿಡುವ ಹೊತ್ತಿಗೆ ಜಗತ್ತಿನಲ್ಲಿ ಲೌಡ್‌ಸ್ಪೀಕರಿನ ಯುಗ ಬಂದಾಗಿತ್ತು. ಹೆಡ್‌ಫೋನು ಹಡಗಿಗೂ ವಿಮಾನಕ್ಕೂ ಸೈನ್ಯಕ್ಕೂ ಮರಳಿತ್ತು.

1937ರಲ್ಲಿ ಬರ್ಲಿನ್ನಿನ ಆಯ್ಗೆನ್ ಬೇಯರ್, ಲೌಡ್‌ಸ್ಪೀಕರಿನ ತತ್ತ್ವವನ್ನೇ ಕುಗ್ಗಿಸಿ ಡಿಟಿ 48 ಎಂಬ ಹೆಡ್‌ಫೋನನ್ನು ಹೊರತಂದ. ಇಲ್ಲಿ ತಕ್ಕಡಿಯ ದಂಡಿಯಿಲ್ಲ. ಆಯಸ್ಕಾಂತದ ನಡುವೆ ಸುರುಳಿಯೇ ಪಟಲದೊಂದಿಗೆ ಮುಂದೆ ಹಿಂದೆ ಚಲಿಸುತ್ತದೆ. ಇಂದಿನ ಹೆಚ್ಚಿನ ದೊಡ್ಡ ಹೆಡ್‌ಫೋನುಗಳು ಈ ವಂಶದವು. ಆದರೆ ಸಂಗೀತವನ್ನು ಸಂಗೀತಕ್ಕಾಗಿಯೇ ಕೇಳಲು ಹೆಡ್‌ಫೋನು ಬೇಕೆಂದು ಜನರಿಗೆ ಅನ್ನಿಸಿದ್ದು 1958ರಲ್ಲಿ, ಅದೂ ಆಕಸ್ಮಿಕವಾಗಿ. ಮಿಲ್ವಾಕಿ ನಗರದಲ್ಲಿ ಆಸ್ಪತ್ರೆಯ ರೋಗಿಗಳಿಗೆ ಟಿ.ವಿ. ಬಾಡಿಗೆಗೆ ಕೊಡುತ್ತಿದ್ದ ಜಾನ್ ಕಾಸ್ ಎಂಬ ಜಾಜ಼್ ಪ್ರೇಮಿಯು ತನ್ನ ಗೆಳೆಯನೊಂದಿಗೆ ಕೂಡಿ ಒಯ್ಯಬಹುದಾದ ಒಂದು ಗ್ರಾಮಾಫೋನು ಮಾಡಿದ. ಬೇರೆಯವರಿಗೆ ತೊಂದರೆಯಾಗದಂತೆ ಕೇಳಲೆಂದು ಅದಕ್ಕೊಂದು ಹೆಡ್‌ಫೋನನ್ನೂ ಜೋಡಿಸಿದ. ಪ್ರದರ್ಶನಕ್ಕೆ ಬಂದವರು ಗ್ರಾಮಾಫೋನನ್ನು ಬಿಟ್ಟು ಹೆಡ್‌ಫೋನಿನ ಬೆನ್ನು ಬಿದ್ದರು. ಆಗಷ್ಟೇ ಬಂದಿದ್ದ ಸ್ಟೀರಿಯೋ ಧ್ವನಿಮುದ್ರಿಕೆಗಳನ್ನು ಅವರು ತಲೆಯ ನಡುವೆ ಕೇಳಿದ್ದು ಅದೇ ಮೊದಲು.

ಇಲ್ಲಿ ನಮ್ಮ ಮನೆಯವರ ವಾದಕ್ಕೆ ನ್ಯಾಯ ಸಲ್ಲಿಸಬೇಕು. ಕಿವಿಯ ಹಾಲೆ ಬರೀ ಓಲೆ ತೂಗಹಾಕುವ ಗೂಟವಲ್ಲ. ಅದರ ಮಡಿಕೆ, ಕುಳಿ, ಏಣುಗಳಿಗೆ ಬಡಿದ ಸದ್ದು ಸ್ವಲ್ಪ ಸ್ವಲ್ಪ ಬದಲಾಗಿ ಒಳಗೆ ಹೋಗುತ್ತದೆ. ಆ ಬದಲಾವಣೆಯಿಂದಲೇ ಸದ್ದು ಮುಂದಿನದೋ ಹಿಂದಿನದೋ ಮೇಲಿನದೋ ಎಂದು ಮೆದುಳು ತಿಳಿಯುತ್ತದೆ. ಒಬ್ಬರ ಹಾಲೆಯಂತೆ ಇನ್ನೊಬ್ಬರದಿಲ್ಲ. ದೊಡ್ಡ ಹೆಡ್‌ಫೋನು ಹಾಲೆಯ ಹೊರಗೆ ನಿಂತು ಹಾಡುವುದರಿಂದ ಈ ಕೆಲಸದ ಒಂದು ಪಾಲಾದರೂ ನಡೆಯುತ್ತದೆ. ಒಳಗಿನ ಸಾಧನ ಹಾಲೆಯನ್ನು ದಾಟಿ, ಸುಮಾರು ಎರಡೂವರೆ ಸೆಂಟಿಮೀಟರು ಉದ್ದದ ನಾಳದೊಳಗೆ ನೇರವಾಗಿ ಬಾಯಿಯಿಡುತ್ತದೆ. ಆದ್ದರಿಂದಲೇ ತಂಬೂರಿಯು ಗಾಯಕರ ಹಿಂದೆ ಕುಳಿತಿರದೆ ನಮ್ಮ ತಲೆಬುರುಡೆಯೊಳಗೇ ಕುಳಿತಂತೆ ತೋರುತ್ತದೆ. ಒಳಗಿನದರ ಮತ್ತೊಂದು ಸಂಕಷ್ಟ ಅದರ ಬಿರಡೆ. ನಾಳಕ್ಕೂ ಬಿರಡೆಗೂ ನಡುವೆ ಕೂದಲೆಳೆಯಷ್ಟು ಸಂದಿಯಿದ್ದರೂ ಮಂದ್ರಸ್ಥಾಯಿ ಸೋರಿಹೋಗುತ್ತದೆ, ಮೃದಂಗ ಡಬ್ಬಿ ಬಡಿದಂತಾಗುತ್ತದೆ. ಸಂದಿಯಿಲ್ಲದಂತೆ ಕೂತರೋ, ನಮ್ಮದೇ ಹೆಜ್ಜೆಯ ಸದ್ದು, ಉಗುಳು ನುಂಗಿದ ಸದ್ದು, ಚಕ್ಕುಲಿ ಜಗಿದ ಸದ್ದು ಗುಡುಗಾಗುತ್ತದೆ. ದೊಡ್ಡದಕ್ಕೆ ಈ ಪೀಡೆಗಳು ಕಡಿಮೆ. ಮೇ ತಿಂಗಳ ಮುಂಬೈಯಲ್ಲಿ ಅದರೊಳಗೆ ಕಿವಿ ಇಡ್ಲಿಯಂತೆ ಬೇಯುತ್ತದೆಂಬುದನ್ನು ಮಾತ್ರ ಅವರೂ ಒಪ್ಪುತ್ತಾರೆ.

ದೊಡ್ಡ ಹೆಡ್‌ಫೋನುಗಳಲ್ಲಿಯೂ ಎರಡು ಜಾತಿ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆ ಎಚ್‌ಡಿ 414 ಎಂಬುದನ್ನು ತಂದಿತು. ಹಳದಿ ಸ್ಪಂಜಿನ ಮೆತ್ತೆ, ಬೆನ್ನು ತೆರೆದಿಟ್ಟ ಬಟ್ಟಲು. ಅದುವರೆಗೆ ಹೆಡ್‌ಫೋನೆಂದರೆ ಕಿವಿಯನ್ನು ಮುಚ್ಚಿ ಮೊಹರು ಹಾಕಬೇಕೆಂದು ಎಲ್ಲರೂ ತಿಳಿದಿದ್ದರು. ಬೆನ್ನು ತೆರೆದಾಗ ಸದ್ದು ಹಗುರವಾಗಿ, ಕೋಣೆಯಲ್ಲಿ ಹರಡಿದಂತೆ ಕೇಳಿಸಿತು. ಹೊರಗಿನ ಕರೆಗಂಟೆಯೂ ಕುಕ್ಕರಿನ ಸೀಟಿಯೂ ಕೇಳಿಸಿದವು. ಜೊತೆಗೆ ಒಳಗಿನ ಹಾಡು ಪಕ್ಕದವರಿಗೂ ಸೋರಿತು. ಈ ಸೋರಿಕೆಯನ್ನು ದೋಷವೆಂದೇ ಎಲ್ಲ ಅಂಗಡಿಗಳೂ ಹೇಳುತ್ತವೆ. ನಮಗೆ ಈಚೆಗೆ ಅದರ ಬಗ್ಗೆ ಬೇರೆ ಅಭಿಪ್ರಾಯವಾಗಿದೆ, ಅದನ್ನು ಕೊನೆಗೆ ಹೇಳುತ್ತೇವೆ.

1979ರ ಜುಲೈ 1ರಂದು ಜಪಾನಿನಲ್ಲಿ ಸೋನಿಯ ವಾಕ್‌ಮನ್ ಮಾರಾಟಕ್ಕೆ ಬಂತು, ಬೆಲೆ 33,000 ಯೆನ್. ಅದರ ಯಂತ್ರದಷ್ಟೇ ಮುಖ್ಯವಾದದ್ದು ಜೊತೆಗೆ ಕೊಟ್ಟ ಹೆಡ್‌ಫೋನು. ಆ ಕಾಲದ ಹೆಡ್‌ಫೋನುಗಳು ಮುನ್ನೂರು ನಾನ್ನೂರು ಗ್ರಾಂ ತೂಗುತ್ತಿದ್ದರೆ ಇದು ಸುಮಾರು ಐವತ್ತು ಗ್ರಾಂ. ಎಂಬತ್ತೆಂಟು ವರ್ಷಗಳ ನಂತರ ಮರ್ಕಾದಿಯೆಯ ತೂಕಕ್ಕೆ ಜಗತ್ತು ಮರಳಿತ್ತು. ಸೋನಿಯ ಅಕಿಯೊ ಮೊರಿತಾ ಮೊದಲ ವಾಕ್‌ಮನ್ನನ್ನು ಮನೆಗೆ ಒಯ್ದು ಕೇಳುತ್ತ ಕುಳಿತಾಗ, ತನ್ನನ್ನು ಹೊರಗಿಟ್ಟರೆಂದು ಅವರ ಪತ್ನಿಗೆ ಬೇಸರವಾಯಿತಂತೆ. ಒಬ್ಬರೇ ಕೇಳುವುದು ಸಭ್ಯತೆಯಲ್ಲವೆಂದು ಭಾವಿಸಿ ಅವರು ಯಂತ್ರಕ್ಕೆ ಎರಡು ಹೆಡ್‌ಫೋನುಗಳ ಕಿಂಡಿ ಇಡಿಸಿದರು. ಒಂದು ಕಿತ್ತಳೆ ಬಣ್ಣದ ಗುಂಡಿಯನ್ನೂ ಇಡಿಸಿದರು. ಒತ್ತಿದರೆ ಹಾಡು ತಗ್ಗಿ, ಪಕ್ಕದವರ ಮಾತು ಪುಟ್ಟ ಮೈಕಿನ ಮೂಲಕ ಕಿವಿಗೆ ಬರುತ್ತಿತ್ತು. 1981ರಲ್ಲಿ ಬಂದ ಎರಡನೆಯ ಮಾದರಿಯ ಹೊತ್ತಿಗೆ ಆ ಗುಂಡಿ ಮಾಯವಾಗಿತ್ತು. ಜನರಿಗೆ ಅದು ಬೇಕಿರಲಿಲ್ಲ. ಮೊರಿತಾರ ಪತ್ನಿಯ ಬೇಸರಕ್ಕೆ ಯಂತ್ರದಲ್ಲಿ ಮೀಸಲಿಟ್ಟಿದ್ದ ಜಾಗ ಹೀಗೆ ಎರಡೇ ವರ್ಷಗಳಲ್ಲಿ ಹೋಯಿತು. ಮರುವರ್ಷ, 1982ರಲ್ಲಿ, ತಲೆಯ ಪಟ್ಟಿಯೂ ಇಲ್ಲದೆ ಕಿವಿಯ ಕುಳಿಯಲ್ಲಿ ಕೂರುವ ಸಣ್ಣ ಇಯರ್‌ಫೋನೂ ಅದೇ ಸಂಸ್ಥೆಯಿಂದ ಬಂತು.

ನಮ್ಮ ಬಾಲ್ಯಕ್ಕೆ ವಾಕ್‌ಮನ್ ಎಟುಕಲಿಲ್ಲ. ಹುಬ್ಬಳ್ಳಿಯ ಮನೆಯಲ್ಲಿದ್ದದ್ದು ಚರ್ಮದ ಚೀಲದ ಟ್ರಾನ್ಸಿಸ್ಟರು, ಅದರ ಜೊತೆ ಬಂದ ಒಂಟಿ ಕಿವಿಯ ತಂತಿ. ಟ್ರಾನ್ಸಿಸ್ಟರಿನ ಧಾರವಾಡ ಕೇಂದ್ರ ಬೆಳಗಿನಿಂದ ಮನೆಯವರಿಗೆಲ್ಲ ಸೇರಿದ್ದು. ಒಂಟಿ ತಂತಿ ಮಾತ್ರ ಅಪ್ಪನದು, ಅದೂ ಕ್ರಿಕೆಟ್ ಟೆಸ್ಟಿನ ದಿನಗಳಲ್ಲಿ ಅಂಗಿಯ ಕಾಲರಿನೊಳಗಿಂದ ಕಚೇರಿಗೆ ಹೋಗುತ್ತಿತ್ತು. ಒಂದು ಕಿವಿ ಸರಕಾರಕ್ಕೆ, ಒಂದು ಕಿವಿ ಗಾವಸ್ಕರರಿಗೆ. ಎರಡೂ ಕಿವಿಗಳನ್ನು ಒಪ್ಪಿಸಿಬಿಡುವ ಪದ್ಧತಿ ಇನ್ನೂ ಬಂದಿರಲಿಲ್ಲ.

ಇನ್ನು ಇಂದಿನ ಇನ್-ಇಯರ್ ಮಾನಿಟರಿನ ನಿಜವಾದ ವಂಶಾವಳಿ. ಇದು ಸಂಗೀತದ ಮನೆತನದ್ದಲ್ಲ, ಕಿವುಡರಿಗಾಗಿ ಮಾಡಿದ ಶ್ರವಣ ಸಾಧನಗಳ ಮನೆತನದ್ದು. ಕಿವಿಯ ಹಿಂದೆ ಅಡಗಬಲ್ಲ ಸಾಧನಕ್ಕೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಧ್ವನಿಯಂತ್ರ ಬೇಕಾಯಿತು. ಆಗ ಎಂಜಿನಿಯರುಗಳು ಹಿಡಿದದ್ದು ಬಾಲ್ಡ್‌ವಿನ್ನನ ಅಡುಗೆಮನೆಯ ತಕ್ಕಡಿಯನ್ನೇ! ಆಯಸ್ಕಾಂತಗಳ ನಡುವೆ ಸಮತೋಲದಲ್ಲಿ ನಿಂತ ಅದೇ ಪಟ್ಟಿ, ಅದೇ ಸುರುಳಿ, ಅದೇ ಕೊಂಡಿ, ಎಲ್ಲವೂ ಕಡುಸಣ್ಣದಾಗಿ. ಈ ಕ್ಷೇತ್ರದಲ್ಲಿ ಪಳಗಿದ ಅಮೆರಿಕೆಯ ಮೀಡ್ ಕಿಲಿಯನ್ 1983ರಲ್ಲಿ ಎಟಿಮೋಟಿಕ್ ರಿಸರ್ಚ್ ಎಂಬ ಸಂಸ್ಥೆ ಕಟ್ಟಿದರು. ಶ್ರವಣ ಪರೀಕ್ಷೆ ಮತ್ತು ಸಂಶೋಧನೆಗಾಗಿ ಅವರು ರೂಪಿಸಿದ ಒಳಗಿವಿ ಸಾಧನಗಳಿಂದಲೇ ಬೆಳೆದು, 1991ರಲ್ಲಿ ಸಂಗೀತಕ್ಕಾಗಿ ಇಆರ್-4 ಎಂಬುದು ಬಂತು. ದೊಡ್ಡದರೊಳಗೆ ಹುಟ್ಟಿದ ತತ್ತ್ವ ಚಿಕ್ಕದಕ್ಕೆ ಹೋಯಿತು, ಚಿಕ್ಕದು ಮೊದಲು ಹೇಳಿದ ‘ಹೊರಗಿನ ಸದ್ದು ತಡೆ’ ಎಂಬ ಗುಣವನ್ನು ದೊಡ್ಡದು ಆಮೇಲೆ ಕಲಿಯಿತು. ಯಾವುದು ಹಳೆಯದು, ಯಾವುದು ಹೊಸದು ಎಂದು ಅಂಗಡಿಯ ಹುಡುಗನಿಗೆ ಹೇಗೆ ಹೇಳುವುದು?

‘ಮಾನಿಟರು’ ಎಂಬ ಹೆಸರು ರಂಗಭೂಮಿಯಿಂದ ಬಂದದ್ದು. ರಾಕ್ ಸಂಗೀತದ ರಂಗದ ಮೇಲೆ ಕಲಾವಿದರಿಗೆ ತಮ್ಮದೇ ಧ್ವನಿ ಕೇಳಿಸಲೆಂದು ಪಾದದ ಬಳಿ ಇಡುತ್ತಿದ್ದ ಸ್ಪೀಕರುಗಳಿಗೆ ಆ ಹೆಸರು. ಪ್ರತಿಯೊಬ್ಬನೂ ತನ್ನದು ಕೇಳಲೆಂದು ಸದ್ದು ಏರಿಸುವುದು, ಅದನ್ನು ಮೀರಲು ಇನ್ನೊಬ್ಬನು ಏರಿಸುವುದು, ಹೀಗೆ ರಂಗವೇ ಕುಲುಮೆಯಾಗುತ್ತಿತ್ತು. 1995ರಲ್ಲಿ ವ್ಯಾನ್ ಹೇಲನ್ ತಂಡದ ಧ್ವನಿ ಎಂಜಿನಿಯರ್ ಜೆರಿ ಹಾರ್ವಿ, ಆ ತಂಡದ ಡ್ರಮ್ ವಾದಕ ಅಲೆಕ್ಸ್ ವ್ಯಾನ್ ಹೇಲನ್‌ಗಾಗಿ, ಕಿವಿಯ ಅಚ್ಚು ತೆಗೆದು ಅದರೊಳಗೆ ಎರಡು ಪುಟ್ಟ ಧ್ವನಿಯಂತ್ರಗಳನ್ನಿಟ್ಟು ಕೊಟ್ಟ. ಒಂದು ಮಂದ್ರಕ್ಕೆ, ಒಂದು ತಾರಕ್ಕೆ. ಕಿವಿಯ ಬಾಗಿಲು ಮುಚ್ಚಿದರೆ ಒಳಗೆ ಪಿಸುಮಾತಿನಷ್ಟು ಸದ್ದೂ ಸಾಕಾಗುತ್ತದೆಂಬುದು ಅದರ ಹಿಂದಿನ ತರ್ಕ. ಜೋರಾಗಿ ಕೇಳಲೆಂದು ಅಲ್ಲ, ಮೆಲ್ಲಗೆ ಕೇಳಲೆಂದು ಹುಟ್ಟಿದ ಸಾಧನವಿದು. ಈ ಮಾತನ್ನು ಪೆಟ್ಟಿಗೆಯ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ.

ಸದ್ದನ್ನು ಸದ್ದಿನಿಂದಲೇ ಅಳಿಸುವ ಇನ್ನೊಂದು ವಿದ್ಯೆಯಿದೆ. ಹೊರಗಿನ ಅಲೆಯ ಏರಿಗೆ ಸರಿಯಾಗಿ ಇಳಿವನ್ನು ನುಡಿಸಿದರೆ ಎರಡೂ ಅಳಿಯುತ್ತವೆ ಎಂಬ ತತ್ತ್ವಕ್ಕೆ ಪೌಲ್ ಲೂಯೆಗ್ ಎಂಬ ಜರ್ಮನ್ನನು 1936ರಷ್ಟು ಹಿಂದೆಯೇ ಅಮೆರಿಕೆಯಲ್ಲಿ ಪೇಟೆಂಟ್ ಪಡೆದಿದ್ದ. 1978ರಲ್ಲಿ ಜ಼ೂರಿಕ್‌ನಿಂದ ಬಾಸ್ಟನ್ನಿಗೆ ಹಾರುತ್ತಿದ್ದಾಗ ಅಮರ್ ಬೋಸ್, ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ನಿನ ಮೊರೆತವಲ್ಲದೆ ಏನೂ ಕೇಳಿಸದೆ, ಹಾರುತ್ತಿರುವಾಗಲೇ ಲೆಕ್ಕ ಹಾಕಲು ತೊಡಗಿದರು. ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ, ಹುಟ್ಟಿದ್ದು ಅಮೆರಿಕೆಯ ಫಿಲಡೆಲ್ಫಿಯದಲ್ಲಿ. ಆ ಲೆಕ್ಕ ಪೈಲಟ್ಟುಗಳ ಹೆಡ್‌ಸೆಟ್ಟಾಗಲು 1989 ಬಂತು, ಸಾಮಾನ್ಯ ಪ್ರಯಾಣಿಕರ ಕಿವಿಗೆ ಬರಲು 2000. ಈಗ ಆ ವಿದ್ಯೆ ಕಡಲೆಕಾಳಿನಂಥ ನಿಸ್ತಂತು ಇಯರ್‌ಫೋನುಗಳಿಗೂ ಬಂದಿದೆ. ಮೊರಿತಾರ ಕಿತ್ತಳೆ ಗುಂಡಿಯೂ ಹೊಸ ಹೆಸರಿನಲ್ಲಿ ಮರಳಿದೆ. ಒತ್ತಿದರೆ ಹೊರಗಿನ ಮಾತು ಮೈಕಿನ ಮೂಲಕ ಒಳಗೆ ಬರುತ್ತದೆ.

ಈ ಎಲ್ಲ ವಿಚಾರವನ್ನು ನಾವು ಹತ್ತು ವರ್ಷ ಮೊದಲೇ ಮಾಡಬೇಕಿತ್ತು. ಲೋಕಲ್ಲಿನಲ್ಲಿ ನಾವು ಬಹುಕಾಲ ಬಳಸಿದ್ದು ಮೊಬೈಲಿನ ಜೊತೆ ಪುಕ್ಕಟೆ ಬಂದ, ಕುಳಿಯಲ್ಲಿ ಸಡಿಲವಾಗಿ ಕೂರುವ ಇಯರ್‌ಫೋನು. ಒಳಗಿನದರ ಭದ್ರತೆಯೂ ಇಲ್ಲ, ಹೊರಗಿನದರ ವೈಶಾಲ್ಯವೂ ಇಲ್ಲ. ಗಾಡಿಯ ಆರ್ಭಟ ನೇರವಾಗಿ ಒಳನುಗ್ಗುತ್ತಿತ್ತು, ನಾವು ಅದನ್ನು ಮೀರಿ ಸದ್ದು ಏರಿಸುತ್ತಿದ್ದೆವು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ವಯಸ್ಕರಿಗೆ 80 ಡೆಸಿಬೆಲ್ಲಿನ ಸದ್ದು ವಾರಕ್ಕೆ 40 ಗಂಟೆ ಸಲ್ಲುತ್ತದೆ. ಸದ್ದು ಮೂರು ಡೆಸಿಬೆಲ್ ಏರಿದಂತೆಲ್ಲ ಕಾಲ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ನಮ್ಮ ಪ್ರಯಾಣವೇ ವಾರಕ್ಕೆ ಹನ್ನೆರಡೂವರೆ ಗಂಟೆ. ಗಾಡಿಯ ಗದ್ದಲವನ್ನು ಗೆದ್ದು ಹಾಡು ಕೇಳಿದ ನಾವು ಎಷ್ಟರಲ್ಲಿ ಕೇಳಿದ್ದೆವೋ!

ತಿಳಿದದ್ದು ಹುಬ್ಬಳ್ಳಿಯ ಅಡುಗೆಮನೆಯಲ್ಲಿ. ಅವ್ವ ಒಲೆಯ ಕಡೆ ಮುಖ ಮಾಡಿ, “ಶಾವಿಗಿ ಪಾಯಸ ಮಾಡೀನಿ, ಉಂಡು ಹೋಗು” ಎಂದಳು. ನಮಗೆ ಕೇಳಿದ್ದು “ಹಾವಿಗಿ ಪಾಯಸ.” ನಾಗರ ಪಂಚಮಿಗೆ ಇನ್ನೂ ತಿಂಗಳಿತ್ತು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಮುಂಬೈಗೆ ಮರಳಿ ಒಬ್ಬ ಶ್ರವಣತಜ್ಞರ ಬಳಿ ಹೋದಾಗ, ಅವರು ತೆಗೆದ ನಕ್ಷೆಯಲ್ಲಿ ಎಡಗಿವಿಯ ಗೆರೆ 4,000 ಹರ್ಟ್ಸಿನ ಬಳಿ ಬಾವಿಗೆ ಇಳಿದಂತೆ ಇಳಿದು ಮತ್ತೆ ಮೇಲೆದ್ದಿತ್ತು. ಗದ್ದಲದಿಂದಾದ ಹಾನಿಯ ಗುರುತು ಅದು. ಸ್ವರಗಳೆಲ್ಲ ಕೆಳಗಿನ ಕಂಪನಗಳಲ್ಲಿರುವುದರಿಂದ ಅವು ಉಳಿಯುತ್ತವೆ. ಸ, ಶ ಮುಂತಾದ ಊಷ್ಮಾಕ್ಷರಗಳ ಸೂಕ್ಷ್ಮವಾದ ಗಾಳಿ ಮೇಲಿನ ಕಂಪನಗಳದ್ದು, ಅದೇ ಮೊದಲು ಹೋಗುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸತ್ತರೆ ಮರಳಿ ಹುಟ್ಟುವುದಿಲ್ಲ. ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆಯಿದೆ, ನಮ್ಮದೇ ಕೇಂದ್ರ ಸರಕಾರದ್ದು. ಅದರ ಗೇಟಿನ ಮುಂದೆ ಎಷ್ಟೋ ಸಲ ಇಯರ್‌ಫೋನು ಸಿಕ್ಕಿಸಿಕೊಂಡೇ ನಡೆದುಹೋಗಿದ್ದೆವು.

ತಜ್ಞರ ಸಲಹೆ ನಮ್ಮ ವಿವಾದವನ್ನು ಅರ್ಧದಷ್ಟು ಬಗೆಹರಿಸಿತು. ಗಾಡಿಯಲ್ಲಿ ಕೇಳಲೇಬೇಕೆಂದಿದ್ದರೆ ಚೆನ್ನಾಗಿ ಕೂರುವ ಒಳಗಿನ ಸಾಧನ, ಸದ್ದು ತಗ್ಗಿಸಿ. ಸರಿಯಾದ ಅಳತೆಯ ಬಿರಡೆ ಹೊರಗಿನ ಸದ್ದನ್ನು 20 ಡೆಸಿಬೆಲ್ಲಿಗೂ ಮಿಗಿಲಾಗಿ ತಡೆಯಬಲ್ಲದು, ಹಾಗಾಗಿ ಏರಿಸುವ ಪ್ರಮೇಯವಿಲ್ಲ. ಪ್ಲಾಟ್‌ಫಾರಮಿನಲ್ಲಿ ಇಳಿದ ಮೇಲೆ ತೆಗೆದುಬಿಡಬೇಕು; ಬರುವ ಗಾಡಿ ಕೇಳದವನಿಗೆ ಮುಂಬೈಯಲ್ಲಿ ಎರಡನೆಯ ಅವಕಾಶವಿಲ್ಲ. ಮಿದುವಾದ ಫೋಮಿನ ಬಿರಡೆಯನ್ನು ಬೆರಳಲ್ಲಿ ಹೊಸೆದು ಸಣ್ಣದು ಮಾಡಿ, ಕಿವಿಯ ಹಾಲೆಯನ್ನು ಮೇಲಕ್ಕೆಳೆದು ತೂರಿಸಿ, ಅದು ಹಿಗ್ಗುವವರೆಗೆ ಕಾಯಬೇಕೆಂಬುದನ್ನೂ ಕಲಿತೆವು. ಈ ವಯಸ್ಸಿಗೆ ಹಾಡು ಕೇಳುವುದನ್ನೂ ಕಲಿಯಬೇಕಾಯಿತಲ್ಲ ಎಂದು ಮನೆಯವರು ನಕ್ಕರು.

ಉಳಿದ ಅರ್ಧ ಮನೆಯ ವಿಷಯ, ಅಲ್ಲಿ ನಾವು ಸೋತೆವು. ಸೋಲಿಗೆ ಕಾರಣ ಮಗಳು. ಒಂಬತ್ತನೆಯ ತರಗತಿ, ಶಾಲೆಯಲ್ಲಿ ಇಂಗ್ಲಿಷು, ಗೆಳತಿಯರೊಡನೆ ಹಿಂದಿ ಮರಾಠಿ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಅವಳಿಗೆ ನಮ್ಮ ಹಾಡುಗಳೊಂದೂ ಗೊತ್ತಿಲ್ಲವೆಂದು ನಾವು ಒಮ್ಮೆ ಗೊಣಗಿದಾಗ ಮನೆಯವರು ಕೇಳಿದರು: ನಮಗೆ ಅವು ಹೇಗೆ ಬಂದವು? ಯಾರೂ ಕಲಿಸಲಿಲ್ಲ. ಅಪ್ಪ ಕ್ಷೌರ ಮಾಡಿಕೊಳ್ಳುವಾಗ, ಅವ್ವ ರೊಟ್ಟಿ ಬಡಿಯುವಾಗ ಟ್ರಾನ್ಸಿಸ್ಟರು ತನ್ನ ಪಾಡಿಗೆ ನುಡಿಯುತ್ತಿತ್ತು, ನಮ್ಮ ಕಿವಿಗೆ ಬೀಳುತ್ತಿತ್ತು. ಮಗಳು ಹುಟ್ಟಿದಂದಿನಿಂದ ಈ ಮನೆಯಲ್ಲಿ ಕನ್ನಡದ ಹಾಡು ದಿನವೂ ಇದೆ, ಆದರೆ ನಮ್ಮಿಬ್ಬರ ಕಿವಿಗಳೊಳಗೆ ಮುಚ್ಚಿಟ್ಟಂತೆ. ಇಂಜಿನಿಯರುಗಳು ನೂರು ವರ್ಷ ಹೆಣಗಿ ಮುಚ್ಚಿದ ಸೋರಿಕೆಯ ಜೊತೆ ಅದೂ ಮುಚ್ಚಿಹೋಗಿತ್ತು. ಒಂದೂವರೆ ಕೋಣೆಯ ಮನೆಯಲ್ಲಿ ಅವಳ ಓದಿಗೆ ತೊಂದರೆಯಾಗದಿರಲೆಂದೇ ನಾವು ಹಾಗೆ ಮಾಡಿದ್ದು. ಅದೂ ನಿಜ.

ಬೋನಸ್ಸಿನಲ್ಲಿ ಕೊನೆಗೆ ಎರಡೂ ಬಂದವು. ಗಾಡಿಗೆ ಒಂದು ಸಾಧಾರಣ ಬೆಲೆಯ ಒಳಗಿನ ಸಾಧನ. ಮನೆಗೆ ಬೆನ್ನು ತೆರೆದ ದೊಡ್ಡ ಹೆಡ್‌ಫೋನು, ಅಂಗಡಿಯ ಹುಡುಗ ಸದ್ದು ಸೋರುತ್ತದೆಂದು ಎರಡು ಸಲ ಎಚ್ಚರಿಸಿದ ಮೇಲೆಯೂ. ಮೊನ್ನೆ ಭಾನುವಾರ ಅದನ್ನು ಹಾಕಿಕೊಂಡು ಕುಳಿತಿದ್ದೆವು. ಎದುರಿಗೆ ಮಗಳು ಭೂಗೋಳದ ನಕ್ಷೆಗೆ ಬಣ್ಣ ತುಂಬುತ್ತಿದ್ದಳು. ಪೆನ್ಸಿಲು ನಿಲ್ಲಿಸಿ, ತಲೆಯೆತ್ತದೆ ಕೇಳಿದಳು:

“ಅಪ್ಪಾ, ಇದು ಅಜ್ಜಿ ಹಾಡ್ತಾಳಲ್ಲ, ಅದೇನು?”

ಹೌದೆಂದೆವು. ಅವಳು ಮತ್ತೇನೂ ಕೇಳದೆ ಸಹ್ಯಾದ್ರಿಗೆ ಹಸಿರು ತುಂಬಲು ತೊಡಗಿದಳು. ನಾವು ಸದ್ದನ್ನು ಏರಿಸಲಿಲ್ಲ. ಹೆಡ್‌ಫೋನನ್ನು ಕಿವಿಯಿಂದ ಸರಿಸಿ ಕೊರಳಿಗೆ ಇಳಿಬಿಟ್ಟೆವು.